ಕೇಣಿಯ ಮಾಡು, ಕೇಣಿಯ ಬಾವಿ

ಕಡಲ ದಂಡೆಯ ನಮ್ಮೂರು ಕೇಣಿಯಲ್ಲಿ ಮನೆಗಿಂತ ಮೊದಲು ಬಾವಿ ತೋಡುತ್ತಿದ್ದರು. ನನ್ನ ಅಪ್ಪ ಗವಂಡಿ, ಅಂಕೋಲೆಯ ಸುತ್ತಮುತ್ತ ನಲವತ್ತು ವರ್ಷ ಗೋಡೆ ಎತ್ತಿದವರು. ಮನೆ ಕಟ್ಟಬೇಕೆಂದು ಯಾರಾದರೂ ನಮ್ಮ ಹೊಳ್ಳಿಗೆ, ಎಂದರೆ ಜಗಲಿಗೆ, ಬಂದು ಕೂತರೆ ಅವರು ಮೊದಲು ಕೇಳುತ್ತಿದ್ದದ್ದು, "ನೀರು ನೋಡಿದ್ರಾ?" ಜಾಗ ಎಷ್ಟು, ಕೋಣೆ ಎಷ್ಟು, ಕೈಯಲ್ಲಿ ದುಡ್ಡು ಎಷ್ಟು ಎಂಬ ಮಾತೆಲ್ಲ ಆಮೇಲೆ. ನೀರು ನೋಡಿಲ್ಲ ಎಂದರೆ ಚಹಾ ಕುಡಿಸಿ ಕಳಿಸುತ್ತಿದ್ದರು.

ಮಣ್ಣು ಕಲಸುವುದಕ್ಕೆ, ಸುಣ್ಣ ಅರಳಿಸುವುದಕ್ಕೆ, ಕಟ್ಟಿದ ಗೋಡೆಗೆ ಹೊಡೆಯುವುದಕ್ಕೆ ಎಲ್ಲಕ್ಕೂ ಅದೇ ಬಾವಿಯ ನೀರು. ಅದರಲ್ಲಿ ಉಪ್ಪಿದ್ದರೆ ಗೋಡೆಗೂ ಉಪ್ಪು ಸೇರುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಗಿಲಾವು ಬಿಳಿ ಪುಡಿ ಕಾರಿ ಉದುರುತ್ತದೆ. ಅಪ್ಪ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಆಯಿಯ, ಎಂದರೆ ನನ್ನ ತಾಯಿಯ, ಪರೀಕ್ಷೆ ಬೇರೆ. ಆಯಿ ಕೇಣಿಯಲ್ಲೇ ಹುಟ್ಟಿದವಳು. ಹೊಸ ಬಾವಿಯ ನೀರನ್ನು ಒಂದು ತಂಬಿಗೆ ತರಿಸಿ ತೊಗರಿಬೇಳೆ ಬೇಯಿಸಲು ಇಡುತ್ತಿದ್ದಳು. "ತಮಾ, ಬೇಳೆ ಬೇಯೂದಿಲ್ಲ ಈ ನೀರಲ್ಲಿ, ಅಪ್ಪಂಗೆ ಹೇಳು" ಎಂದು ನನ್ನನ್ನು ಓಡಿಸಿದ್ದು ನೆನಪಿದೆ. ಆ ಮನೆಯ ಪಾಯ ಇಪ್ಪತ್ತು ಮಾರು ಒಳಕ್ಕೆ ಸರಿಯಿತು.

ನಾನು ಓದಿದ್ದು ಸಿವಿಲ್ ಡಿಪ್ಲೊಮಾ. 1983ರಿಂದ ಅಂಕೋಲೆಯಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಈಗ ನನ್ನ ಮೇಜಿಗೆ ಬರುವ ಹುಡುಗರು "ಗ್ರೀನ್ ಬಿಲ್ಡಿಂಗ್ ಮಾಡಿಕೊಡಿ" ಎನ್ನುತ್ತಾರೆ. ಅದಕ್ಕೆ ನಿಯಮಗಳಿವೆ, ಅಂಕಗಳಿವೆ, ನಕ್ಷತ್ರಗಳಿವೆ. ಅವು ಬೇಕೆಂದೇ ನಾನು ಹೇಳುವವನು. ಆದರೆ ಅವು ಬರುವ ಮೊದಲು ಈ ಊರು ಯಾವ ಲೆಕ್ಕದ ಮೇಲೆ ಮನೆ ಕಟ್ಟುತ್ತಿತ್ತು, ಆ ಲೆಕ್ಕ ಯಾವಾಗ ತಪ್ಪಿತು ಎಂಬುದನ್ನು ಬರೆದಿಡದಿದ್ದರೆ ಹೊಸ ನಿಯಮವೂ ಇಲ್ಲಿ ಬೇರು ಬಿಡುವುದಿಲ್ಲ ಎಂದು ನನಗೆ ಅನಿಸಿದೆ.

ಮೊದಲು ನೀರಿನ ಮಾತು ಮುಗಿಸುತ್ತೇನೆ. ಕಡಲಿಗೆ ಇಷ್ಟು ಹತ್ತಿರ, ಹತ್ತು ಹನ್ನೆರಡು ಅಡಿ ಮರಳು ತೋಡಿದರೆ ಸಿಹಿನೀರು ಬರುವುದು ಹೇಗೆ? ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಿಹಿನೀರು ಹಗುರ, ಕಡಲ ನೀರು ಭಾರ. ನೆದರ್‌ಲ್ಯಾಂಡಿನ ಬಾಡನ್ ಘೈಬೆನ್ 1880ರ ದಶಕದ ಕೊನೆಗೆ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿ ಬೇರೆಬೇರೆಯಾಗಿ ಒಂದೇ ಲೆಕ್ಕ ಕಂಡುಕೊಂಡರು. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ. ಮೇಲಿನ ಒಂದು ಅಡಿಯನ್ನು ಪಂಪು ಹಾಕಿ ಎಳೆದು ಬರಿದು ಮಾಡಿದರೆ ಕೆಳಗಿನಿಂದ ಉಪ್ಪುನೀರು ನಲವತ್ತು ಅಡಿ ಮೇಲೇರುತ್ತದೆ. ಕೊಡಪಾನದಲ್ಲಿ ಸೇದುವ ಕಾಲಕ್ಕೆ ಆ ಅಪಾಯ ಇರಲಿಲ್ಲ. ಸೇದುವವಳ ತೋಳಿನ ಶಕ್ತಿಯೇ ಮಿತಿ. ಇನ್ನೊಂದು ಮಾತು: ಬಾವಿ ಒಬ್ಬರ ಅಂಗಳದಲ್ಲಿದ್ದರೂ ಮರಳಿನಡಿಯ ನೀರು ಕೇರಿಗೆಲ್ಲ ಒಂದೇ. ನಿಮ್ಮ ಮಾಡಿನಿಂದ ಬಿದ್ದ ಮಳೆ ನನ್ನ ಬಾವಿಗೆ ಬರುತ್ತದೆ, ನನ್ನದು ನಿಮ್ಮದಕ್ಕೆ.

ಮನೆಯ ಜಾಗವೂ ಇದೇ ತಿಳಿವಳಿಕೆಯಲ್ಲಿ ಗೊತ್ತಾಗುತ್ತಿತ್ತು. ಕಡಲ ಮುಂದಿನ ಮರಳದಿಬ್ಬವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಬಂಗಡೆ ಬಳ್ಳಿ ಹಬ್ಬಿರುತ್ತಿತ್ತು, ಹಿಂದೆ ಮುಂಡಿಗೆಯ ಪೊದೆ. ದಿಬ್ಬದ ಮುಂದೆ ದೋಣಿ ನಿಲ್ಲಿಸುವ ಚಪ್ಪರ ಮಾತ್ರ. ಮೀನುಗಾರರ ಮನೆಗಳು ದಿಬ್ಬದ ಬೆನ್ನಿಗೆ, ತೆಂಗಿನ ನೆರಳಿನಲ್ಲಿ. ಸಮುದ್ರ ಕಾಣುವ ಕಿಟಕಿ ಬೇಕೆಂದು ನಮ್ಮೂರಲ್ಲಿ ಯಾರೂ ಕೇಳಿದ್ದಿಲ್ಲ. ದಿನವಿಡೀ ಅದರ ಮೇಲೆಯೇ ಇದ್ದು ಬಂದವರಿಗೆ ಮನೆಯಲ್ಲಿ ಬೇಕಾದದ್ದು ಗಾಳಿಯ ಮರೆ. ಈಗ ಕಾರವಾರದಿಂದ ಕೆಳಗೆ ದಂಡೆಯುದ್ದಕ್ಕೂ ಕಾಣುವ ಗಾಳಿ ಮರ ಹಳೆಯದಲ್ಲ. ಅರಣ್ಯ ಇಲಾಖೆ ಅದನ್ನು ಕಾರವಾರದಲ್ಲಿ ಮೊದಲು ನೆಟ್ಟದ್ದು 1868ರ ಸುಮಾರಿಗೆ. ಮುಂಡಿಗೆಯೇ ಇಲ್ಲಿಯ ಮೂಲ ಬೇಲಿ.

ಗೋಡೆಗೆ ಚಿರೆಕಲ್ಲು. 1801ರಲ್ಲಿ ಕಂಪನಿ ಸರಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಕರಾವಳಿ ಹಿಡಿದು ಅಂಕೋಲೆಯ ದಾರಿಯಾಗಿ ಬಂದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಅವನು ಅದನ್ನು ಗಮನಿಸಿ ಬರೆದದ್ದು ಮಲಬಾರಿನ ಅಂಗಾಡಿಪುರದಲ್ಲಿ. ಆದರೆ ಅವನ ಮಾತು ನಮ್ಮ ಕಲ್ಲಿಗೂ ಅಕ್ಷರಶಃ ಸರಿ: ನೆಲದೊಳಗಿರುವಾಗ ಕಬ್ಬಿಣದ ಹತಾರಿಗೆ ಮೆತ್ತಗೆ ಬಗ್ಗುತ್ತದೆ, ಗಾಳಿಗೆ ಬಿದ್ದ ಮೇಲೆ ಬಿರುಸಾಗುತ್ತದೆ. ಒಳಗಿನ ಕಬ್ಬಿಣದ ಅಂಶ ಒಣಗಿ ಗಟ್ಟಿಯಾಗುವ ಗುಣ ಅದು. ಬೆಂಕಿ ಬೇಡ, ಗೂಡು ಬೇಡ, ಬಿಸಿಲು ಗಾಳಿಯೇ ಸಾಕು. ಈಗಿನ ಲೆಕ್ಕದಲ್ಲಿ ಹೇಳಿದರೆ ಇಟ್ಟಿಗೆ ಸುಡುವ ಸೌದೆ ಅಷ್ಟೂ ಉಳಿಯಿತು. ಅಪ್ಪ ಹೊಸ ಕಲ್ಲನ್ನು ಕೂಡಲೇ ಗೋಡೆಗೆ ಇಡುತ್ತಿರಲಿಲ್ಲ. ಒಂದು ಬೇಸಿಗೆ ಹೊರಗೆ ಒಟ್ಟಿಡಬೇಕು ಎಂಬುದು ಅವರ ನೇಮ.

ಸುಣ್ಣದ ವಿಷಯ ಬಂದರೆ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಏಕೆಂದರೆ ಅದು ನನ್ನ ಆಯಿಯ ತವರಿನ ಕೆಲಸ. ನಮ್ಮ ಕರಾವಳಿಯ ಸುಣ್ಣ ಗುಡ್ಡದ ಕಲ್ಲಿನದಲ್ಲ, ಚಿಪ್ಪಿಯದು. ಹೊಳೆ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಿಗಿಳಿದು ಬೆಳಚು ಹೆಕ್ಕುತ್ತಿದ್ದರು. ಒಳಗಿನ ಮಾಂಸ ಊಟಕ್ಕೆ, ಚಿಪ್ಪಿ ಗೂಡಿಗೆ. ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪಿ, ಮತ್ತೆ ಇದ್ದಿಲು ಹೀಗೆ ತುಂಬಿ, ಕೆಳಗಿನಿಂದ ತಿದಿ ಒತ್ತಿ ಗಾಳಿ ಕೊಟ್ಟು ರಾತ್ರಿಯಿಡೀ ಉರಿಸುತ್ತಿದ್ದರು. ಬೆಳಿಗ್ಗೆ ಚಿಪ್ಪಿ ಆಕಾರ ಬಿಡದೆ ಬೆಳ್ಳಗೆ ಹಗುರಾಗಿರುತ್ತಿತ್ತು. ನೀರು ಚಿಮುಕಿಸಿದರೆ ಸರ್ ಎಂದು ಹೊಗೆಯಾಡಿ ಹಿಟ್ಟಾಗಿ ಅರಳುತ್ತಿತ್ತು. ಮಕ್ಕಳಿಗೆ ಹತ್ತಿರ ಬಿಡುತ್ತಿರಲಿಲ್ಲ. ಆಯಿಯ ಎಡಗೈಯ ಮೇಲೆ ಸುಣ್ಣ ಸಿಡಿದ ಕಲೆ ಕೊನೆಯವರೆಗೂ ಇತ್ತು.

ಆ ಹಿಟ್ಟನ್ನು ಮರಳಿನೊಡನೆ ಕಲಸಿ ಗುಂಡಿಯಲ್ಲಿ ಕೊಳೆಹಾಕಿ, ಬೆಲ್ಲದ ನೀರು ಸೇರಿಸಿ ಕುಟ್ಟಿ ಕುಟ್ಟಿ ಹದ ಮಾಡುವುದು. ಗೋವೆಯಿಂದ ನಮ್ಮ ಜಿಲ್ಲೆಯವರೆಗೆ ಕರಾವಳಿಯ ದೇವಸ್ಥಾನಗಳಲ್ಲಿ ಕಾಣುವ ಕಾವಿ ಕಲೆ ನಿಂತಿರುವುದು ಇಂಥ ಗಿಲಾವಿನ ಮೇಲೆ. ಹಸಿ ಸುಣ್ಣದ ಮೇಲೆ ಕೆಂಪು ಕಾವಿ ಬಳಿದು, ಒಣಗುವ ಮೊದಲೇ ಗೆರೆ ಕೊರೆದು ಕೆಳಗಿನ ಬಿಳಿ ತೆರೆಯುತ್ತಿದ್ದರು. ಅಷ್ಟು ಮಳೆಗಾಲ ಅದು ತಾಳಿದೆ ಎಂದರೆ ಸುಣ್ಣದ ಗುಣ ಲೆಕ್ಕ ಹಾಕಿ. ಸುಣ್ಣ ಸುಡಲು ಸುಮಾರು 900 ಡಿಗ್ರಿ ಶಾಖ ಸಾಕು, ಸಿಮೆಂಟಿಗೆ 1,450 ಬೇಕು. ಸುಡುವಾಗ ಚಿಪ್ಪಿ ಬಿಟ್ಟ ಇಂಗಾಲದ ಅನಿಲವನ್ನು ಸುಣ್ಣ ಗೋಡೆಯಲ್ಲಿ ಗಟ್ಟಿಯಾಗುತ್ತ ಬಹುಪಾಲು ಮರಳಿ ಹೀರಿಕೊಳ್ಳುತ್ತದೆ. ಜಗತ್ತಿನ ಒಟ್ಟು ಇಂಗಾಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಈಗ ಸಿಮೆಂಟಿನದೇ. ಇದನ್ನು ಓದಿದಾಗ ನನಗೆ ತಿದಿ ಒತ್ತುತ್ತಿದ್ದ ಅಜ್ಜನ ನೆನಪಾಯಿತು. ಹಾಗೆಂದು ಆ ಕೆಲಸ ಹಿತವಾಗಿತ್ತು ಎನ್ನಲಾರೆ. ಅಜ್ಜ ಕೆಮ್ಮಿ ಕೆಮ್ಮಿಯೇ ಹೋದರು. ಇದ್ದಿಲಿಗೆ ಕಾಡಿನ ಮರವೇ ಬೇಕಿತ್ತು.

ಮಾಡು. ನಾನು ಹುಟ್ಟಿದ ಮನೆಯದು ಹೆಣೆದ ಮಡಲಿನ ಮಾಡು. ತೆಂಗಿನ ಗರಿಯನ್ನು ನೀರಲ್ಲಿ ನೆನೆಹಾಕಿ ಹೆಂಗಸರು ಅಂಗಳದಲ್ಲಿ ಕೂತು ಹೆಣೆಯುತ್ತಿದ್ದರು. ಮೇ ತಿಂಗಳಲ್ಲಿ ಹಳೆಯದನ್ನು ಕಿತ್ತು ತೆಂಗಿನ ಬುಡಕ್ಕೆ ಹಾಕಿ ಹೊಸದು ಹೊದೆಸಬೇಕು. ಕೇರಿಯ ಗಂಡಸರೆಲ್ಲ ಸೇರಿ ದಿನಕ್ಕೊಂದು ಮನೆಯಂತೆ ಮುಗಿಸುತ್ತಿದ್ದರು, ಕೂಲಿ ಇಲ್ಲ, ಊಟ ಮಾತ್ರ. ಹೊಳ್ಳಿಯ ಸುತ್ತ ಮಳೆಯ ಇರಚಲಿಗೆ ತಟ್ಟಿ ಕಟ್ಟಿದ ಮೇಲೆ ಮನೆಯೊಳಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ನಸುಕತ್ತಲೆ. ಅಡುಗೆಯ ಹೊಗೆ ಮಡಲಿನ ಸಂದಿಯಿಂದಲೇ ಹೋಗಬೇಕು. ಆ ಹೊಗೆ ಹುಳ ಹಿಡಿಯದಂತೆ ಮಾಡನ್ನು ಕಾಯುತ್ತಿತ್ತು, ಆಯಿಯ ಕಣ್ಣನ್ನು ಕೆಡಿಸುತ್ತಿತ್ತು. ಬೆಂಕಿಯ ಭಯವಂತೂ ಬೇಸಿಗೆಯುದ್ದಕ್ಕೂ. ಗಾಳಿ ಜೋರಾದ ದಿನ ಕೇರಿಯಲ್ಲಿ ಮಧ್ಯಾಹ್ನ ಒಲೆ ಹಚ್ಚಬಾರದೆಂದು ಕಟ್ಟುನಿಟ್ಟು ಇತ್ತು. ಅದೂ ಒಂದು ಕಟ್ಟಡ ನಿಯಮವೇ.

ಹಂಚು ಬಂದದ್ದು ದಕ್ಷಿಣದಿಂದ, ಕಡಲ ದಾರಿಯಲ್ಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣು ನಂಬಿ ಹಂಚಿನ ಕಾರ್ಖಾನೆ ತೆರೆದ. ಮೂರು ವರ್ಷಕ್ಕೆ ಅಲ್ಬುಕರ್ಕ್ ಕುಟುಂಬದ ಕಾರ್ಖಾನೆಯೂ ಬಂತು. ಒಂದಕ್ಕೊಂದು ಕಚ್ಚಿಕೊಳ್ಳುವ ತೋಡು ಇದ್ದ ಆ ಹಂಚು ಚದರ ಮೀಟರಿಗೆ ಹದಿನೈದರಷ್ಟು ಸಾಕು. ಗಾರೆ ಬೇಡ. ಮಚವೆಗಳಲ್ಲಿ ಒಟ್ಟಿ ಕರಾವಳಿಯ ಬಂದರು ಬಂದರಿಗೆ ಇಳಿಸಿದರು. ನಮ್ಮ ಕಡೆ ಮೊದಲು ಹಂಚು ಕಂಡದ್ದು ಸರಕಾರಿ ಕಚೇರಿಗಳು, ಬಂಗಲೆಗಳು, ಜಮೀನು ಇದ್ದವರ ಮನೆಗಳು. ಕೇಣಿಯ ಮೀನುಗಾರ ಕೇರಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಎಷ್ಟೋ ಮನೆಗಳಿಗೆ ಅದು ಸಿಕ್ಕಿದ್ದು 1970ರ ದಶಕದ ಜನತಾ ಮನೆಯ ಕಾಲದಲ್ಲಿ. ನಮ್ಮ ಮನೆಗೆ ಹಂಚು ಹೊದೆಸಿದ್ದು 1974ರಲ್ಲಿ. ಆ ವರ್ಷ ಮೇ ತಿಂಗಳು ಪೂರ್ತಿ ಆಯಿ ಮಡಲು ಹೆಣೆಯದೆ ಕೂತಳು. ಕೈ ಸುಮ್ಮನಿರಲಾರದೆ ನೆರೆಮನೆಗೆ ಹೋಗಿ ಹೆಣೆದು ಬಂದಳು.

ಚಿರೆಕಲ್ಲು, ಚಿಪ್ಪಿ ಸುಣ್ಣ, ಹಂಚು, ಇವು ಮೂರೂ ಕೂಡಿದ್ದ ಮನೆಯೇ ನಮ್ಮ ಕರಾವಳಿಯ ಒಳ್ಳೆಯ ಮನೆ ಎಂದು ನನ್ನ ತೀರ್ಮಾನ. ಹಂಚಿನ ಸಂದಿಯಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. ಚಾಚಿದ ಸೂರು ಗೋಡೆಯನ್ನು ಮಳೆಯಿಂದಲೂ ಬಿಸಿಲಿನಿಂದಲೂ ಕಾಯುತ್ತದೆ. ಸೂರಿನ ನೀರು ಅಂಗಳದ ಮರಳಿಗೆ ಬಿದ್ದು ಅಲ್ಲೇ ಇಂಗುತ್ತದೆ. ಮನೆ ಬೀಳಿಸಿದರೂ ಏನೂ ಹಾಳಿಲ್ಲ. ಕಲ್ಲು, ಹಂಚು, ಪಕಾಸಿ, ರೀಪು ಎಲ್ಲ ಮತ್ತೊಂದು ಮನೆಗೆ ಹೋಗುತ್ತವೆ. ಅಪ್ಪ ಕಟ್ಟಿದ ಎಷ್ಟೋ ಮನೆಗಳಲ್ಲಿ ಅದಕ್ಕೂ ಹಿಂದಿನ ಮನೆಯ ತೊಲೆಗಳಿದ್ದವು.

ಆ ಮನೆಯನ್ನು ಕೆಡಿಸಿದವರಲ್ಲಿ ನಾನೂ ಒಬ್ಬ. 1986ರಲ್ಲಿ ನನ್ನ ಸೋದರತ್ತೆಗೆ ಸ್ಲ್ಯಾಬಿನ ಮನೆಯ ನಕ್ಷೆ ಬರೆದುಕೊಟ್ಟೆ. ಆಗ ಸ್ಲ್ಯಾಬು ಎಂದರೆ ಮರ್ಯಾದೆ, ಹಂಚು ಎಂದರೆ ಬಡತನ. ಮರಳನ್ನು ಹೊಳೆಯ ಬಾಯಿಯಿಂದ, ಭರ್ತಿಯ ನೀರು ಏರುವ ಜಾಗದಿಂದಲೇ ತಂದರು. ಒಂದು ಮಳೆ ಬಿದ್ದರೆ ಉಪ್ಪು ತೊಳೆದುಹೋಗುತ್ತದೆ ಎಂದು ನಾನೇ ಒಪ್ಪಿಗೆ ಕೊಟ್ಟೆ. ಅಪ್ಪ ಬೇಡ ಎಂದರು. ನನ್ನ ಕೈಯಲ್ಲಿ ಡಿಪ್ಲೊಮಾ ಇತ್ತು, ಅವರ ಮಾತು ಕೇಳಲಿಲ್ಲ. ಕಾಂಕ್ರೀಟಿನೊಳಗೆ ಸೇರಿದ ಉಪ್ಪು ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. 2003ರ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಅತ್ತೆಯ ನಡುಮನೆಯಲ್ಲಿ ಸ್ಲ್ಯಾಬಿನ ತುಂಡು ಕಳಚಿ ತೊಟ್ಟಿಲಿನ ಪಕ್ಕ ಬಿತ್ತು. ಮಗು ಹಿತ್ತಲಲ್ಲಿತ್ತು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಆ ತುಂಡನ್ನು ತಂದು ನನ್ನ ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಬರೆದ ನಿಯಮ ಕೇಣಿಗೆ ಬಂದದ್ದು ಇದೇ ವರ್ಷಗಳಲ್ಲಿ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರ್ತಿಯ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡಗಳು ಬರದಂತೆ ನೋಡಿಕೊಳ್ಳಿ ಎಂದರು. ಹತ್ತು ವರ್ಷ ಕಳೆದು, 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1991ರ ಫೆಬ್ರುವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. ನಮ್ಮ ಬಾಯಲ್ಲಿ ಸಿಆರ್‌ಝೆಡ್. ಅದರಂತೆ ಹಳ್ಳಿಗಾಡಿನ ಕರಾವಳಿಯಲ್ಲಿ 200 ಮೀಟರಿನವರೆಗೆ ಹೊಸ ಕಟ್ಟಡಕ್ಕೆ ಅವಕಾಶ ಇರಲಿಲ್ಲ. 200ರಿಂದ 500ರ ನಡುವೆ ಮನೆ ಕಟ್ಟಬಹುದಿತ್ತು, ಆದರೆ ಒಂಬತ್ತು ಮೀಟರ್ ಎತ್ತರ, ಎರಡು ಅಂತಸ್ತು, ಎಲ್ಲ ಅಂತಸ್ತು ಸೇರಿ ಜಾಗದ ನೂರಕ್ಕೆ 33 ಪಾಲು, ಇಷ್ಟು ಮೀರುವಂತಿರಲಿಲ್ಲ.

ಮರಳದಿಬ್ಬದ ಹಿಂದೆ ಸರಿದು ಕಟ್ಟು ಎಂಬ ನಮ್ಮವರ ನೇಮವನ್ನೇ ಸರಕಾರ ಬರೆದಿಟ್ಟಂತಾಯಿತು ಎಂದು ನಾನು ಮೊದಲು ಸಂತೋಷಪಟ್ಟೆ. ಆದರೆ ಮೀನುಗಾರರ ಕೇರಿ ಇದ್ದದ್ದೇ ಆ 200 ಮೀಟರಿನ ಒಳಗೆ. ಅವರ ಮನೆ ಅಲ್ಲಿ ಇರಲೇಬೇಕು. ದೋಣಿ, ಬಲೆ, ಮೀನು ಒಣಗಿಸುವ ಅಂಗಳ ಎಲ್ಲ ಅಲ್ಲೇ. ಮಗನ ಮದುವೆಯಾಗಿ ಒಂದು ಕೋಣೆ ಹೆಚ್ಚಿಸಬೇಕೆಂದರೆ ನಕ್ಷೆ ಹಿಡಿದು ವರ್ಷಗಟ್ಟಲೆ ಅಲೆಯಬೇಕಾಯಿತು. ನಾನು ಬರೆದ ಅಂಥ ನಕ್ಷೆಗಳ ಒಂದು ಕಟ್ಟು ಇನ್ನೂ ಹಾಗೇ ಇದೆ. 2011ರ ಜನವರಿ 6ರ ಅಧಿಸೂಚನೆ 100ರಿಂದ 200 ಮೀಟರ್ ನಡುವೆ ಮೀನುಗಾರರಿಗೂ ಉಳಿದ ಸಾಂಪ್ರದಾಯಿಕ ನಿವಾಸಿಗಳಿಗೂ ದಾರಿ ಬಿಟ್ಟಿತು. 2019ರ ಜನವರಿ 18ರದು ಇನ್ನೂ ಸಡಿಲ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿ ಪ್ರದೇಶದಲ್ಲಿ ಕಟ್ಟಬಾರದ ಪಟ್ಟಿ 50 ಮೀಟರಿಗೆ ಇಳಿಯಿತು. ಉಳಿದೆಡೆ 200 ಮೀಟರೇ. ಮೂವತ್ತು ವರ್ಷ ಗೆರೆ ಹಿಂದೆ ಮುಂದೆ ಸರಿಯುತ್ತ ಹೋಯಿತು. ಆ ಗೆರೆಯ ಹಿಂದೆ ಏಳುವ ಮನೆಯ ಗೋಡೆ ಯಾವುದರದು, ಮಾಡು ಯಾವುದು, ನೀರು ಎಲ್ಲಿಂದ ಎಂದು ಸಾಮಾನ್ಯ ಮನೆಯವರನ್ನು ಯಾರೂ ಕೇಳಲಿಲ್ಲ. ಇದು ನನ್ನ ಮುಖ್ಯ ದೂರು.

ಆ ಪ್ರಶ್ನೆ ಕೇಳಿದ ನಿಯಮಗಳು ಹುಟ್ಟಿದ್ದು ನಗರಗಳಲ್ಲಿ. 2003ರಲ್ಲಿ ಹೈದರಾಬಾದಿನ ಸೊಹ್ರಾಬ್ಜಿ ಗೋದ್ರೇಜ್ ಗ್ರೀನ್ ಬಿಸಿನೆಸ್ ಸೆಂಟರ್ ಎಂಬ ಕಟ್ಟಡಕ್ಕೆ ಅಮೆರಿಕದ ಲೀಡ್ ಪದ್ಧತಿಯ ಅತ್ಯುನ್ನತ ದರ್ಜೆ ಸಿಕ್ಕಿತು, ದೇಶದಲ್ಲೆಲ್ಲ ಸುದ್ದಿಯಾಯಿತು. 2007ರಲ್ಲಿ ಕೇಂದ್ರ ಸರಕಾರ ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಮಿತವ್ಯಯದ ಕಟ್ಟಡ ಸಂಹಿತೆ ತಂದಿತು. ಅದು ಅನ್ವಯವಾದದ್ದು ದೊಡ್ಡ ವಿದ್ಯುತ್ ಭಾರದ ಕಟ್ಟಡಗಳಿಗೆ ಮಾತ್ರ. ಅದೇ ವರ್ಷ ಕರ್ನಾಟಕದಲ್ಲಿ ಹೊಸ ಕಟ್ಟಡಗಳಿಗೆ ಸೌರಶಕ್ತಿಯಲ್ಲಿ ನೀರು ಕಾಯಿಸುವ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿ ಜೂನಿನಿಂದ ನಾಲ್ಕು ತಿಂಗಳು ಸೂರ್ಯ ಕಾಣುವುದೇ ಅಪರೂಪ, ಉಪ್ಪುಗಾಳಿಗೆ ಅದರ ಕಬ್ಬಿಣದ ಕಾಲುಗಳು ಬೇಗ ಸವೆಯುತ್ತವೆ. 2009ರಲ್ಲಿ ಬೆಂಗಳೂರಿನ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಗಿ, 30x40 ಅಡಿ ನಿವೇಶನದ ಹೊಸ ಮನೆಗಳಿಗೂ 40x60ರ ಹಳೆಯ ಮನೆಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಇದೊಂದು ನಿಯಮ ನನಗೆ ತುಂಬ ಇಷ್ಟ. 2016ರ ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಲ್ಲಿ ಹಸಿರು ಕಟ್ಟಡಕ್ಕೆಂದೇ ಒಂದು ಅಧ್ಯಾಯವಿದೆ. 100 ಚದರ ಮೀಟರಿನ ನಿವೇಶನದಿಂದಲೇ ಮಳೆಕೊಯ್ಲು ಮಾಡಿ ಎನ್ನುತ್ತದೆ. ನಮ್ಮ ಅಳತೆಯಲ್ಲಿ ಒಂದು ಗುಂಟೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಜಾರಿ ಮಾಡಿದಷ್ಟೇ ಅದಕ್ಕೆ ಬಲ.

ವಾಸದ ಮನೆಗಳಿಗೆಂದೇ 2018ರ ಡಿಸೆಂಬರಿನಲ್ಲಿ ಇಕೋ ನಿವಾಸ್ ಸಂಹಿತಾ ಬಂತು. ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅದರಲ್ಲಿ ನಮ್ಮಂಥ ಬಿಸಿ ಮತ್ತು ತೇವದ ಹವೆಯ ಊರಿಗೆ ಹೇಳಿರುವ ಮಾತು ಇದು: ತೆರೆಯಬಹುದಾದ ಕಿಟಕಿ ಬಾಗಿಲುಗಳ ಅಳತೆ ನೆಲದ ಅಳತೆಯ ನೂರಕ್ಕೆ 16.66 ಇರಬೇಕು. ಎಂದರೆ ಆರನೇ ಒಂದು ಪಾಲು. ಒಣಹವೆಯ ಊರಿಗೆ ಹತ್ತನೇ ಒಂದು ಸಾಕು. ಬೆಳಿಗ್ಗೆ ಎದ್ದವನೇ ಅಳತೆ ಟೇಪು ಹಿಡಿದು ನಮ್ಮ ಹಳೆಯ ಮನೆಗೆ ಹೋದೆ. ಒಳಕೋಣೆಗಳಲ್ಲಿ ನಾವು ಸೋತಿದ್ದೆವು, ಕಿಟಕಿಗಳು ಅಂಗೈಯಗಲ. ಹೊಳ್ಳಿ ಮತ್ತು ನಡುಮನೆಯಲ್ಲಿ ನಿಯಮಕ್ಕಿಂತ ಎಷ್ಟೋ ಮುಂದಿದ್ದೆವು. ಹಂಚಿನ ಸಂದಿಯ ಗಾಳಿಯನ್ನು ಲೆಕ್ಕಕ್ಕೆ ಹಿಡಿಯುವ ಅಂಕಣ ಅದರಲ್ಲಿ ಇಲ್ಲ. ಆಯಿ, ಅಜ್ಜಿ ಬಾಳಿದ ಆ ಒಳಕೋಣೆಗಳ ಕತ್ತಲೆಯನ್ನು ನಾನು ಪರಂಪರೆ ಎಂದು ಸಮರ್ಥಿಸುವುದಿಲ್ಲ. ಅಲ್ಲಿ ಹೊಸ ನಿಯಮವೇ ಸರಿ. ಆದರೆ ಈ ಸಂಹಿತೆ ಅನ್ವಯವಾಗುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಕ್ಕೆ, ಐದು ಗುಂಟೆಗೆ. ಕೇಣಿಯ ಮೀನುಗಾರ ಕೇರಿಯಲ್ಲಿ ಐದು ಗುಂಟೆ ಯಾರ ಹತ್ತಿರ ಇದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಕೆ.ಎಸ್. ಜಗದೀಶರಂಥವರು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಡವರ ಮನೆಗೆಂದು ರೂಪಿಸಿದ್ದು ಅಲ್ಲಿ. ನಮ್ಮ ಜಿಲ್ಲೆಯ ಎಷ್ಟೋ ಅಡುಗೆಮನೆಗಳಿಂದ ಹೊಗೆ ಹೊರಹಾಕಿದ ಅಸ್ತ್ರ ಒಲೆಯೂ ಅಲ್ಲಿಯದೇ. ನಮ್ಮ ಮನೆಗೆ ಆ ಒಲೆ ಬಂದಾಗ ಆಯಿಗೆ ಅರವತ್ತು. ಹೊಗೆ ಕೊಳವೆಯಲ್ಲಿ ಮೇಲೆ ಹೋಗುವುದನ್ನು ಅಂಗಳದಲ್ಲಿ ನಿಂತು ನೋಡಿದಳು. ಆಗ ಯಾರೂ ಅದನ್ನು ಹಸಿರು ಎಂದು ಕರೆಯಲಿಲ್ಲ.

ಈಗ ಕೇಣಿಯಲ್ಲಿ ನಡೆದಿರುವುದನ್ನು ಹೇಳುತ್ತೇನೆ. ಸ್ಲ್ಯಾಬು ಸೋರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವಲ್ಲಿ ಸಪಾಟು ಮಾಡು ಸೋರದೆ ಇನ್ನೇನು? ಹಗಲು ಕುಡಿದ ಬಿಸಿಲನ್ನು ರಾತ್ರಿ ಮಲಗಿದವರ ಮೇಲೆ ಕಾರುತ್ತದೆ ಕೂಡ. ಅದಕ್ಕೆ ಜನ ಸ್ಲ್ಯಾಬಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಇಳಿಜಾರು ಮಾಡು ಹಾಕಿಸುತ್ತಿದ್ದಾರೆ. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಮೊದಲೇ ಇಳಿಜಾರು ಮಾಡು ಕೊಡಿ ಎಂದು ಕೇಳುವವರು ಈಚೆಗೆ ಬರತೊಡಗಿದ್ದಾರೆ, ಅದೊಂದು ಸಮಾಧಾನ.

ಹೋದ ವರ್ಷ ಗೋವೆಯಲ್ಲಿ ದುಡಿದು ಬಂದ ನಮ್ಮ ಕೇರಿಯ ಹುಡುಗನೊಬ್ಬ ಹೋಮ್‌ಸ್ಟೇ ಕಟ್ಟುತ್ತೇನೆ ಎಂದು ಬಂದ. ಅವನ ಜಾಗ ಅತ್ತೆಯ ಹಿತ್ತಲಿಗೆ ತಾಗಿದ್ದು. ಆರು ಕೋಣೆ, ಆರು ಬಚ್ಚಲು. ಕೈಯಲ್ಲಿ ಹಸಿರು ಕಟ್ಟಡದ ಅಂಕಪಟ್ಟಿ ಇತ್ತು. ಬಿದಿರು, ಎಲ್‌ಇಡಿ, ಸೌರಫಲಕ ಎಲ್ಲದಕ್ಕೂ ಗುರುತು ಹಾಕಿದ್ದ. ನೀರಿಗೆ ಎಂದು ಕೇಳಿದರೆ, "ಬೋರ್ ಹೊಡೆಸ್ತೆ, ಕಾಕಾ" ಎಂದ. ನಾನು ಕಾಗದ ತೆಗೆದು ಅವನ ಮುಂದೆ ಲೆಕ್ಕ ಹಾಕಿದೆ. ಸಾವಿರ ಚದರ ಅಡಿ ಮಾಡು ಎಂದರೆ 93 ಚದರ ಮೀಟರ್. ಮೂರು ಮೀಟರ್ ಮಳೆ ಬಿದ್ದರೆ 2,79,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತೆಂದು ಬಿಟ್ಟರೂ 2,23,000 ಲೀಟರ್ ಉಳಿಯಿತು. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಸಂಸಾರಕ್ಕೆ 330 ದಿನ ಬರುತ್ತದೆ. ಅಷ್ಟನ್ನು ಟಾಕಿಯಲ್ಲಿ ತುಂಬಿಡಲು ಯಾರಿಂದಲೂ ಆಗದು, ತುಂಬಿಡಬೇಕಾಗಿಯೂ ಇಲ್ಲ. ಮರಳೇ ಟಾಕಿ. ಅಂಗಳಕ್ಕೆ ಕಾಂಕ್ರೀಟ್ ಹಲಗೆ ಹಾಸಿ ಆ ನೀರನ್ನು ಗಟಾರಕ್ಕೆ ಬಿಟ್ಟು, ಅದೇ ಅಂಗಳದ ಮೂಲೆಯಲ್ಲಿ ಬೋರ್ ಹೊಡೆದು ಎಳೆದರೆ ಮೊದಲು ಉಪ್ಪಾಗುವುದು ಪಕ್ಕದ ಮನೆಯ ಬಾವಿ. ಅಂಕಪಟ್ಟಿಯಲ್ಲಿ ಪಕ್ಕದ ಮನೆಯ ಬಾವಿಗೆ ಜಾಗವೇ ಇಲ್ಲ. ಅವನು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಆರು ಕೋಣೆ ನಾಲ್ಕಾಯಿತು, ಬೋರ್ ಕೈಬಿಟ್ಟು ತೋಡುಬಾವಿ ಬಂತು, ಚಿರೆಕಲ್ಲ ಗೋಡೆಯ ಮೇಲೆ ಹಳೆಯ ಶಾಲೆಯೊಂದರ ಹಂಚು ಕೂತಿತು. ಅಂಗಳ ಮರಳಾಗಿಯೇ ಉಳಿಯಿತು.

ಚಿರೆಕಲ್ಲಿನ ಬಗ್ಗೆಯೂ ನನಗೆ ಈಗ ಹಳೆಯ ನೆಮ್ಮದಿ ಇಲ್ಲ. ಯಂತ್ರದಿಂದ ಕೊಯ್ಯುವ ಕಲ್ಲು ಲಾರಿಗಟ್ಟಲೆ ಹೊರಗೆ ಹೋಗುತ್ತದೆ, ಗುಡ್ಡದ ತಲೆ ಬೋಳಾಗುತ್ತದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದ ಬಳಿ, 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಜನ ಸತ್ತದ್ದನ್ನು ಕಂಡ ಮೇಲೆ, ಬುಡ ಕಡಿದ ಗುಡ್ಡ ನೋಡಿದಾಗಲೆಲ್ಲ ಅಪ್ಪನಂತೆ ಮೊದಲು ನೀರಿನ ದಾರಿ ಹುಡುಕುತ್ತೇನೆ. ಹಳೆಯ ಮನೆಯ ಕಲ್ಲು ಸಿಕ್ಕಿದರೆ ಹೊಸ ಕಲ್ಲು ತರಿಸುವುದಿಲ್ಲ.

2023ರ ನವೆಂಬರಿನಿಂದ ಕೇಣಿಯ ಮಾತೆಂದರೆ ಬಂದರಿನ ಮಾತು. 4,119 ಕೋಟಿ ರೂಪಾಯಿ ಅಂದಾಜಿನ, ವರ್ಷಕ್ಕೆ ಮೂರು ಕೋಟಿ ಟನ್ ಸರಕಿನ ಬಂದರು ಇದೇ ದಂಡೆಯಲ್ಲಿ ಎಂದು ರಾಜ್ಯದ ಮೆರಿಟೈಮ್ ಬೋರ್ಡ್ ತೀರ್ಮಾನಿಸಿತು. ಮೀನುಗಾರರು ಬೀದಿಗಿಳಿದರು. ಒಂದು ಕೋಣೆಗೆ ನಕ್ಷೆ ಹಿಡಿದು ಅಲೆದವರು ಅವರು. ನನ್ನ ಕಪಾಟಿನಲ್ಲಿರುವ ಆ ಕಟ್ಟನ್ನು ಕೇಳಿಕೊಂಡು ಇಬ್ಬರು ಬಂದಿದ್ದರು, ತಾವು ಎಷ್ಟು ವರ್ಷದಿಂದ ಇಲ್ಲಿದ್ದೇವೆ ಎಂಬುದಕ್ಕೆ ದಾಖಲೆ ಬೇಕೆಂದು. ಹುಡುಕಿ ಕೊಟ್ಟೆ.

ಪ್ರತಿವರ್ಷ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನಾನು ಕೇಣಿಯ ಮೂರು ಬಾವಿಗಳ ನೀರು ತಂದು ನೋಡುತ್ತೇನೆ. ಅತ್ತೆಯ ಬಾವಿ, ಗುಡಿಯ ಬಾವಿ, ಹೊಳೆಯ ಬದಿಯ ಒಂದು ಬಾವಿ. ನನ್ನ ಹತ್ತಿರ ಮೀಟರ್ ಇದೆ. ಆದರೂ ಆಯಿಯ ಪದ್ಧತಿ ಬಿಟ್ಟಿಲ್ಲ, ಪುಸ್ತಕದಲ್ಲಿ ಬರೆಯುವುದು ಬೇಳೆಯ ಫಲಿತಾಂಶವನ್ನೇ. ಈ ಸಲ ಅತ್ತೆಯ ಬಾವಿಯ ನೀರಲ್ಲಿ ಬೇಳೆ ಬೆಂದಿತು. ಗುಡಿಯದರಲ್ಲಿ ಬೆಂದಿತು, ಹೊತ್ತು ಹಿಡಿಯಿತು. ಹೊಳೆಬದಿಯ ಬಾವಿಯದು ಬೇಯಲಿಲ್ಲ. ಆ ಮನೆಯ ಹೆಂಗಸು ಮರುದಿನ ಕಚೇರಿಗೆ ಬಂದು, ಸ್ಲ್ಯಾಬಿನ ನೀರನ್ನು ಬಾವಿಯ ಹತ್ತಿರ ಇಂಗಿಸಲು ಎಷ್ಟು ಖರ್ಚು ಎಂದು ಕೇಳಿದಳು. ಎರಡು ಪೈಪು, ಒಂದು ಗುಂಡಿ, ತುಂಬಲು ಚಿರೆಕಲ್ಲಿನ ಚೂರು ಮತ್ತು ಮರಳು ಎಂದೆ. ಗುಂಡಿ ಅವಳ ಮಗನೇ ತೋಡಿದ. ಮೂರನೇ ದಿನ ಪೈಪು ಕೂರಿಸುತ್ತಿರುವಾಗಲೇ ಪಡುವಣದಲ್ಲಿ ಮೋಡ ಕಟ್ಟಿತು.